ಜ್ವರ ನೋಡಿದ್ದು ಸಾಕು, ಉಸಿರು ಎಣಿಸಿ: ವೈರಲ್ ಸೋಂಕಿನಲ್ಲಿ ಶ್ವಾಸಕೋಶದ ಮೇಲೆ ಮನೆಯಲ್ಲೇ ಕಣ್ಣಿಡುವುದು ಹೇಗೆ?

ಹೋದ ಮಳೆಗಾಲದಲ್ಲಿ ನನ್ನ ತಂಗಿಯ ಮಗುವಿಗೆ ನೆಗಡಿ ಹಿಡಿಯಿತು. ಒಂಬತ್ತು ತಿಂಗಳ ಕೂಸು. ಎರಡು ದಿನ ಮೂಗು ಸೋರಿತು, ಮೂರನೇ ದಿನ ಕೆಮ್ಮು ಜ್ವರ ಎರಡೂ ಬಂದವು. ನಾಲ್ಕನೇ ದಿನ ಬೆಳಿಗ್ಗೆ ಮೈ ತಣ್ಣಗಿತ್ತು. ಸದ್ಯ, ಜ್ವರ ಬಿಡ್ತಲ್ಲ ಅಂತ ಎಲ್ಲರೂ ಕಾಫಿ ಕುಡಿಯುತ್ತ ಕೂತಿದ್ದೆವು. ಆಗ ಯಾವುದೋ ಲೆಕ್ಕ ಬರೆದುಕೊಳ್ಳಲು ನಮ್ಮ ಕಡೆಯ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ ಬಂದರು. ಮಗುವನ್ನು ನೋಡಿದವರೇ ಬ್ಯಾಗು ಕೆಳಗಿಟ್ಟು, "ಅಂಗಿ ಸ್ವಲ್ಪ ಮೇಲೆತ್ತಮ್ಮ" ಅಂದರು.

"ಜ್ವರ ಇಲ್ಲ ಅಕ್ಕ ಇವತ್ತು" ಅಂದಳು ತಂಗಿ.

ಅವರು ಉತ್ತರ ಕೊಡಲಿಲ್ಲ. ಮೊಬೈಲಿನಲ್ಲಿ ಒಂದು ನಿಮಿಷದ ಟೈಮರ್ ಇಟ್ಟು, ಮಗುವಿನ ಹೊಟ್ಟೆಯನ್ನೇ ನೋಡುತ್ತ ತುಟಿಯೊಳಗೆ ಎಣಿಸಿದರು. ಇನ್ನೊಮ್ಮೆ ಎಣಿಸಿದರು. "ಐವತ್ತಾರು. ಪಕ್ಕೆ ಬೇರೆ ಸೆಳೀತಾ ಇದೆ. ಮಧ್ಯಾಹ್ನದ ತನಕ ಕಾಯಬೇಡಿ, ಈಗಲೇ ಹೊರಡಿ."

ಬ್ರಾಂಕಿಯೋಲೈಟಿಸ್ ಆಗಿತ್ತು, ಅಂದರೆ ಶ್ವಾಸಕೋಶದ ಸಣ್ಣ ಕೊಳವೆಗಳ ಊತ. ಎರಡು ದಿನ ಆಕ್ಸಿಜನ್ ಕೊಟ್ಟರು, ಮಗು ಗೆದ್ದು ಬಂತು. ನನ್ನನ್ನು ಕಾಡಿದ್ದು ಬೇರೆ ವಿಷಯ. ನಾಲ್ಕು ದಿನದಲ್ಲಿ ನಾವು ಆ ಕೂಸಿನ ಕಂಕುಳಿಗೆ ಥರ್ಮಾಮೀಟರ್ ಇಟ್ಟಿದ್ದು ಇಪ್ಪತ್ತು ಸಲವಾದರೂ ಇರಬಹುದು. ಉಸಿರನ್ನು ಒಂದು ಸಲವೂ ಎಣಿಸಿರಲಿಲ್ಲ. ಎಣಿಸಬೇಕು ಅನ್ನುವುದೇ ಗೊತ್ತಿರಲಿಲ್ಲ.

ನಾನು ಡಾಕ್ಟರ್ ಅಲ್ಲ. ಆಮೇಲೆ ಕೇಳಿ, ಓದಿ, ಮನೆಯವರ ಮೇಲೆ ಪ್ರಯೋಗ ಮಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಮನೆಯಲ್ಲಿ ಯಾರಿಗಾದರೂ ಫ್ಲೂ, ಕೋವಿಡ್, ಆರ್‌ಎಸ್‌ವಿ (ಕೂಸುಗಳನ್ನು ಹೆಚ್ಚು ಕಾಡುವ ಉಸಿರಾಟದ ವೈರಸ್) ಅಥವಾ ಹೆಸರೇ ಗೊತ್ತಿಲ್ಲದ 'ವೈರಲ್' ಬಂದಾಗ ಇದು ಕೆಲಸಕ್ಕೆ ಬರುತ್ತದೆ.

ಹೆಜ್ಜೆ 1: ಒಳಗೆ ಏನು ನಡೆಯುತ್ತಿದೆ ಅಂತ ತಿಳಿದುಕೊಳ್ಳಿ

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ಒಳಗಿನ ಕಥೆ ಗೊತ್ತಿದ್ದರೆ ಉಳಿದ ಹೆಜ್ಜೆಗಳು ತಾವಾಗಿ ನೆನಪಿರುತ್ತವೆ.

ಗಂಟಲಿನಿಂದ ಇಳಿಯುವ ಶ್ವಾಸನಾಳ ಎರಡಾಗಿ, ಆ ಎರಡು ನಾಲ್ಕಾಗಿ, ಹೀಗೆ ಸುಮಾರು 23 ಸಲ ಕವಲೊಡೆಯುತ್ತದೆ. ಕೊನೆಯಲ್ಲಿ ಸಿಗುವುದು ಗಾಳಿಚೀಲಗಳು. ದೊಡ್ಡವರಲ್ಲಿ ಇವು 30 ಕೋಟಿಗೂ ಜಾಸ್ತಿ. ಇವುಗಳ ಗೋಡೆ ಎಷ್ಟು ತೆಳುವೆಂದರೆ ಒಂದು ಕಡೆ ಗಾಳಿ, ಇನ್ನೊಂದು ಕಡೆ ರಕ್ತ, ನಡುವೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟೂ ಅಂತರವಿಲ್ಲ. ಆಕ್ಸಿಜನ್ ರಕ್ತಕ್ಕೆ ದಾಟುವುದು ಅಲ್ಲೇ.

ಮೇಲಿನ ಕೊಳವೆಗಳ ಒಳಮೈಯಲ್ಲಿ ಸಣ್ಣ ಸಣ್ಣ ಕೂದಲುಗಳಿವೆ, ಅವುಗಳ ಮೇಲೆ ತೆಳುವಾಗಿ ಲೋಳೆ. ಧೂಳು, ಕ್ರಿಮಿ ಏನೇ ಬಂದರೂ ಲೋಳೆಗೆ ಅಂಟುತ್ತದೆ. ಕೂದಲುಗಳು ಅದನ್ನು ಗಂಟಲಿನ ಕಡೆ ತಳ್ಳುತ್ತಲೇ ಇರುತ್ತವೆ. ನಾವು ಗೊತ್ತಿಲ್ಲದೆ ಅದನ್ನು ನುಂಗುತ್ತಿರುತ್ತೇವೆ. ವೈರಸ್ ಮೊದಲು ನುಗ್ಗುವುದು ಈ ಕೂದಲಿರುವ ಜೀವಕೋಶಗಳಿಗೇ. ಅವು ಸಾಯುತ್ತವೆ, ಉದುರುತ್ತವೆ. ಗುಡಿಸುವವರೆಲ್ಲ ಒಟ್ಟಿಗೆ ರಜೆ ಹಾಕಿದ ಹಾಗೆ. ಕಫ ಅಲ್ಲೇ ನಿಲ್ಲುತ್ತದೆ. ಅದನ್ನು ಹೊರಹಾಕಲು ಉಳಿದಿರುವ ದಾರಿ ಕೆಮ್ಮು ಒಂದೇ. ಹಾಗಾಗಿ ಕೆಮ್ಮನ್ನು ಪೂರ್ತಿ ಅದುಮಿಡಲು ಹೋಗಬಾರದು.

ಎಲ್ಲ ವೈರಸ್‌ಗಳೂ ಒಂದೇ ಕಡೆ ಕೂರುವುದಿಲ್ಲ. ಮಾಮೂಲಿ ನೆಗಡಿಯ ರೈನೋವೈರಸ್‌ಗೆ ಮೂಗಿನ ತಂಪು ಇಷ್ಟ, ಹೆಚ್ಚಾಗಿ ಅಲ್ಲೇ ಉಳಿಯುತ್ತದೆ (ಅಸ್ತಮಾ ಇದ್ದವರಿಗೆ ಮಾತ್ರ ಅದೂ ಉಬ್ಬಸ ಕೆರಳಿಸುತ್ತದೆ). ಆರ್‌ಎಸ್‌ವಿ, ಎಚ್‌ಎಂಪಿವಿ ಕೂಸುಗಳ ಸಣ್ಣ ಕೊಳವೆಗಳಿಗೆ ಇಳಿಯುತ್ತವೆ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಮಕ್ಕಳಲ್ಲಿ ಎಚ್‌ಎಂಪಿವಿ ಸಿಕ್ಕಿದಾಗ ಟಿವಿಯವರು ಆಕಾಶ ಭೂಮಿ ಒಂದು ಮಾಡಿದರು. ಆದರೆ ಅದು ಹೊಸದೇನಲ್ಲ, 2001ರಲ್ಲೇ ನೆದರ್ಲೆಂಡ್ಸ್‌ನಲ್ಲಿ ಗುರುತಿಸಿದ್ದ ವೈರಸ್.

ಕೂಸುಗಳಿಗೇ ಯಾಕೆ ಜಾಸ್ತಿ ಕಷ್ಟ? ಎಳನೀರನ್ನು ದಪ್ಪ ಸ್ಟ್ರಾದಲ್ಲಿ ಕುಡಿಯುವುದಕ್ಕೂ ಸಣ್ಣ ಸ್ಟ್ರಾದಲ್ಲಿ ಎಳೆಯುವುದಕ್ಕೂ ಇರುವ ವ್ಯತ್ಯಾಸ ನೆನೆಸಿಕೊಳ್ಳಿ. ಕೊಳವೆಯ ಅಗಲ ಅರ್ಧಕ್ಕಿಳಿದರೆ ಗಾಳಿಗೆ ತಡೆ ಎರಡು ಪಟ್ಟಲ್ಲ, 16 ಪಟ್ಟು ಏರುತ್ತದೆ. ದೊಡ್ಡವರ ಕೊಳವೆಯಲ್ಲಿ ಸ್ವಲ್ಪ ಊತ ಬಂದರೆ ಲೆಕ್ಕಕ್ಕಿಲ್ಲ. ಮೊದಲೇ ಕಿರಿದಾದ ಕೂಸಿನ ಕೊಳವೆ ಅಷ್ಟಕ್ಕೇ ಮುಚ್ಚಿಹೋಗಬಹುದು.

ಫ್ಲೂ, ಕೋವಿಡ್ ಜೋರಾದರೆ ಇನ್ನೂ ಕೆಳಗೆ, ಗಾಳಿಚೀಲಕ್ಕೇ ಇಳಿಯುತ್ತವೆ. ಅದು ವೈರಲ್ ನ್ಯುಮೋನಿಯಾ. ಚೀಲದೊಳಗೆ ನೀರು ಜಿನುಗುತ್ತದೆ. ಚೀಲ ಮುದುಡದಂತೆ ತಡೆಯುವ ಸೋಪಿನಂಥ ಪದರ ಹಾಳಾಗುತ್ತದೆ. ರಕ್ತ ಬರುತ್ತದೆ, ಆದರೆ ಆಕ್ಸಿಜನ್ ಸಿಗದೆ ಬಂದ ಹಾಗೇ ವಾಪಸ್ ಹೋಗುತ್ತದೆ. ಆಗ ದೇಹ ಮಾಡುವ ಮೊದಲ ಕೆಲಸ ಉಸಿರಾಟದ ವೇಗ ಹೆಚ್ಚಿಸುವುದು. ಎಕ್ಸ್-ರೇ, ರಕ್ತಪರೀಕ್ಷೆ ಎಲ್ಲ ಆಮೇಲೆ. ಮೊದಲ ಸುಳಿವು ಹೊಟ್ಟೆ ಎದೆಯ ಏರಿಳಿತದಲ್ಲೇ ಇರುತ್ತದೆ, ಬರಿಗಣ್ಣಿಗೆ ಕಾಣುತ್ತದೆ.

ಇಲ್ಲೊಂದು ಮೋಸವಿದೆ. ಉಸಿರು ಕಟ್ಟಿದ ಅನುಭವ ಹೆಚ್ಚಾಗಿ ಬರುವುದು ಆಕ್ಸಿಜನ್ ಕಡಿಮೆಯಾದಾಗ ಅಲ್ಲ, ಕಾರ್ಬನ್ ಡೈಆಕ್ಸೈಡ್ ಏರಿದಾಗ. ಬೇಗ ಬೇಗ ಉಸಿರಾಡಿದರೆ ಕಾರ್ಬನ್ ಡೈಆಕ್ಸೈಡ್ ಸುಲಭವಾಗಿ ಹೊರಹೋಗುತ್ತದೆ. ಹಾಗಾಗಿ 95ರ ಮೇಲಿರಬೇಕಾದ ರಕ್ತದ ಆಕ್ಸಿಜನ್ ಶೇಕಡಾ 85ಕ್ಕೆ ಇಳಿದಿದ್ದರೂ ಕೆಲವರು "ನಂಗೇನೂ ಆಗಿಲ್ಲ ಕಣೋ" ಅಂತ ಪೇಪರ್ ಓದುತ್ತ ಕೂತಿರುತ್ತಾರೆ. ಕೋವಿಡ್ ಕಾಲದಲ್ಲಿ ಇದನ್ನೇ ಹ್ಯಾಪಿ ಹೈಪಾಕ್ಸಿಯಾ ಅಂದರು. ಅದಕ್ಕೇ ರೋಗಿಯ ಮಾತಿಗಿಂತ ಎಣಿಕೆಯನ್ನು ನಂಬಿ.

ಹೆಜ್ಜೆ 2: ಉಸಿರು ಎಣಿಸಿ

ಮಗು ಮಲಗಿದ್ದಾಗ ಅಥವಾ ಶಾಂತವಾಗಿ ಮಡಿಲಲ್ಲಿ ಇರುವಾಗ ಎಣಿಸಬೇಕು. ಅಳುತ್ತಿದ್ದರೆ ಲೆಕ್ಕ ತಪ್ಪು. ಜ್ವರ ಜೋರಾಗಿದ್ದಾಗ ಉಸಿರೂ ಜಾಸ್ತಿ ಇರುತ್ತದೆ, ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಬೆಳಕು ಇರುವ ಕಡೆ ಅಂಗಿ ಎತ್ತಿ ಹೊಟ್ಟೆ ನೋಡಿ. ಏರಿ ಇಳಿದರೆ ಒಂದು. ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಬುದ್ಧಿವಂತಿಕೆ ಬೇಡ. ಕೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ, ನಡುವೆ ಒಂದೆರಡು ಕ್ಷಣ ನಿಂತು ಮತ್ತೆ ಶುರುವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗೆರೆಗಳು ಇವು. ಫ್ರಿಜ್ ಮೇಲೆ ಬರೆದು ಅಂಟಿಸಿ:

- ಎರಡು ತಿಂಗಳೊಳಗಿನ ಕೂಸು: ನಿಮಿಷಕ್ಕೆ 60 ಅಥವಾ ಜಾಸ್ತಿ ಇದ್ದರೆ ವೇಗದ ಉಸಿರು
- 2 ತಿಂಗಳಿಂದ ಒಂದು ವರ್ಷ: 50 ಅಥವಾ ಜಾಸ್ತಿ
- ಒಂದರಿಂದ ಐದು ವರ್ಷ: 40 ಅಥವಾ ಜಾಸ್ತಿ

ನಮ್ಮ ಕೂಸಿನ 56 ಯಾಕೆ ಆಶಾ ಅಕ್ಕನ ಮುಖ ಬದಲಿಸಿತು ಅಂತ ಈಗ ತಿಳಿಯಿತಲ್ವಾ?

ದೊಡ್ಡವರಲ್ಲಿ ಸುಮ್ನೆ ಕೂತಿದ್ದಾಗ 12ರಿಂದ 20 ಮಾಮೂಲು. 24 ದಾಟಿದರೆ ಅವತ್ತೇ ಡಾಕ್ಟರ್. 30 ದಾಟಿದರೆ ಆಸ್ಪತ್ರೆ, ಅದೂ ಕೂಡಲೇ. ಆದರೆ "ಅಪ್ಪ, ನಿಮ್ಮ ಉಸಿರು ಎಣಿಸ್ತೀನಿ" ಅಂದುಬಿಟ್ಟರೆ ಅವರು ಯೋಗ ಶಿಬಿರದಲ್ಲಿ ಕೂತವರಂತೆ ನಿಧಾನಕ್ಕೆ ಎಳೆಯಲು ಶುರು ಮಾಡುತ್ತಾರೆ. ಇದಕ್ಕೆ ನರ್ಸ್‌ಗಳ ಹಳೆಯ ಉಪಾಯ ಒಂದಿದೆ. ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದು ಕೂತುಕೊಳ್ಳಿ, ಕಣ್ಣು ಮಾತ್ರ ಎದೆಯ ಮೇಲಿರಲಿ.

ಎಲ್ಲರೂ ಚೆನ್ನಾಗಿರುವಾಗಲೇ ಒಂದು ಸಲ ಎಣಿಸಿ ಇಟ್ಟುಕೊಳ್ಳಿ. ಬೀಡಿ ಸೇದಿ ಸೇದಿ ಶ್ವಾಸಕೋಶ ಹಾಳಾದ ಅಜ್ಜನ ಮಾಮೂಲಿ ಲೆಕ್ಕವೇ 22 ಇದ್ದರೆ, ಕಾಯಿಲೆ ದಿನ ಸುಮ್ಮನೆ ಗಾಬರಿಯಾಗುವುದು ತಪ್ಪುತ್ತದೆ.

ಎಣಿಸುವಾಗಲೇ ಉಳಿದದ್ದನ್ನೂ ನೋಡಿ. ಉಸಿರು ಒಳಗೆ ಎಳೆದಾಗ ಪಕ್ಕೆಲುಬಿನ ಕೆಳಗಿನ ಜಾಗ ಗುಳಿ ಬೀಳುತ್ತದೆಯೇ? ಅದೇ ಪಕ್ಕೆ ಸೆಳೆತ. ಮೂಗಿನ ಹೊಳ್ಳೆ ಅರಳುತ್ತಿದೆಯೇ? ಪ್ರತಿ ಉಸಿರಿಗೂ ಕೂಸು ನರಳುವ ಸದ್ದು ಮಾಡುತ್ತಿದೆಯೇ? ದೊಡ್ಡವರಾದರೆ ಮಾತಾಡಿಸಿ. "ಮಧ್ಯಾಹ್ನ… ಏನೂ… ತಿಂದಿಲ್ಲ" ಅಂತ ಒಂದೊಂದೇ ಪದಕ್ಕೆ ನಿಲ್ಲುತ್ತಿದ್ದರೆ, ಅಥವಾ ಮಲಗಲಾರದೆ ಮುಂದಕ್ಕೆ ಬಾಗಿ ಮಂಡಿಗೆ ಕೈ ಊರಿ ಕೂತಿದ್ದರೆ, ಯಾವ ಯಂತ್ರವೂ ಬೇಡ, ಹೊರಡಿ.

ಹೆಜ್ಜೆ 3: ಆಕ್ಸಿಮೀಟರ್ ಸರಿಯಾಗಿ ಹಾಕಿ

2021ರ ಎರಡನೇ ಅಲೆಯಲ್ಲಿ ತಂದ ಆಕ್ಸಿಮೀಟರ್ ಎಷ್ಟೋ ಮನೆಗಳ ಡ್ರಾಯರ್‌ನಲ್ಲಿ ಇನ್ನೂ ಬಿದ್ದಿದೆ. ಮೊದಲು ಅದರ ಸೆಲ್ ಬದಲಿಸಿ. ಇದರ ಹಿಂದಿನ ಉಪಾಯ ಕಂಡುಹಿಡಿದವರು ಜಪಾನಿನ ಇಂಜಿನಿಯರ್ ತಕುವೊ ಅಯೊಯಾಗಿ, 1970ರ ದಶಕದಲ್ಲಿ. ಕೆಂಪು ಬೆಳಕು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು, ಎರಡನ್ನೂ ಬೆರಳಿನ ಮೂಲಕ ಹಾಯಿಸಿ, ನಾಡಿ ಮಿಡಿದಂತೆ ಎಷ್ಟೆಷ್ಟು ಹೀರಿಕೆಯಾಯಿತು ಅಂತ ಯಂತ್ರ ಹೋಲಿಸುತ್ತದೆ. ಅಂದರೆ ಬೆರಳಿನಲ್ಲಿ ರಕ್ತ ಚೆನ್ನಾಗಿ ಓಡುತ್ತಿರಬೇಕು. ಇಲ್ಲದಿದ್ದರೆ ಅದು ಹೇಳುವುದು ಸುಳ್ಳು.

ಇದನ್ನು ನಾನು ಕಲಿತದ್ದು ಅಮ್ಮನ ದೆಸೆಯಿಂದ. ಜುಲೈ ಮಳೆ, ಬಾವಿ ನೀರಿನಲ್ಲಿ ಪಾತ್ರೆ ತೊಳೆದು ಬಂದಿದ್ದರು, ಸ್ವಲ್ಪ ಕೆಮ್ಮಿತ್ತು. ಬೆರಳಿಗೆ ಹಾಕಿದರೆ 88! ನನ್ನ ಎದೆ ಧಸಕ್ಕೆಂದಿತು. ಅಮ್ಮ ಮಾತ್ರ ಬಚ್ಚಲೊಲೆಯ ಮುಂದೆ ಕೂತು ಆರಾಮಾಗಿ ಕೈ ಕಾಯಿಸಿಕೊಂಡರು. ಐದು ನಿಮಿಷ ಬಿಟ್ಟು ಹಾಕಿದರೆ 97. ತಣ್ಣಗಾಗಿದ್ದು ಬೆರಳು, ಶ್ವಾಸಕೋಶಕ್ಕೆ ಏನೂ ಆಗಿರಲಿಲ್ಲ.

ಕ್ರಮ ಇಷ್ಟೇ. ಐದು ನಿಮಿಷ ಸುಮ್ಮನೆ ಕೂರಿಸಿ. ನೇಲ್ ಪಾಲಿಷ್ ಇದ್ದರೆ ತೆಗೆಯಿರಿ. ಕೈ ಉಜ್ಜಿ ಬಿಸಿ ಮಾಡಿ. ತೋರುಬೆರಳು ಅಥವಾ ನಡುಬೆರಳಿಗೆ ಹಾಕಿ ಕೈಯನ್ನು ಅಲುಗಾಡಿಸದೆ ಎದೆಯ ಮಟ್ಟದಲ್ಲಿ ಇಟ್ಟುಕೊಳ್ಳಲಿ. ಹಾಕಿದ ಕೂಡಲೇ ಬರುವ ಅಂಕಿ ಬರೆಯಬೇಡಿ, ಒಂದು ನಿಮಿಷ ಬಿಟ್ಟು ನಿಂತ ಅಂಕಿ ಬರೆಯಿರಿ. ಎರಡು ಅಂಕಿ ಕಾಣುತ್ತವೆ, ಒಂದು ಆಕ್ಸಿಜನ್, ಇನ್ನೊಂದು ನಾಡಿ. ನಾಡಿಯ 92ನ್ನು ಆಕ್ಸಿಜನ್ ಅಂದುಕೊಂಡು ರಾತ್ರಿಯೆಲ್ಲ ನಿದ್ದೆಗೆಟ್ಟವರನ್ನು ನಾನು ಬಲ್ಲೆ.

95 ಅಥವಾ ಮೇಲಿದ್ದರೆ ಸರಿ. 94 ಇದ್ದರೆ ಒಂದೆರಡು ಗಂಟೆಗೊಮ್ಮೆ ನೋಡುತ್ತಿರಿ. 93 ಅಥವಾ ಕೆಳಗೆ ಅಂದರೆ ಅವತ್ತೇ ಡಾಕ್ಟರ್ ನೋಡಬೇಕು. 90ರ ಕೆಳಗೆ ಬಂದರೆ ತುರ್ತು. ಹಳೆಯ ಸಿಒಪಿಡಿ (ವರ್ಷಗಟ್ಟಲೆ ಕಾಡುವ, ಶ್ವಾಸನಾಳ ಕಿರಿದಾಗುವ ಕಾಯಿಲೆ) ಇರುವವರಿಗೆ ಈ ಗೆರೆಗಳು ಬೇರೆ, ಅವರ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕೂಸಿನ ಪುಟ್ಟ ಬೆರಳಿಗೆ ದೊಡ್ಡವರ ಕ್ಲಿಪ್ ಸರಿಯಾಗಿ ಕೂರುವುದಿಲ್ಲ, ಅಲ್ಲಿ ಎಣಿಕೆಯೇ ಗಟ್ಟಿ.

ನಮ್ಮಂಥವರು ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. ಕಪ್ಪು ಚರ್ಮದವರಲ್ಲಿ ಈ ಯಂತ್ರ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು ಅಂತ ಅಮೆರಿಕದ ಆಸ್ಪತ್ರೆಗಳ ಲೆಕ್ಕಗಳಿಂದ 2020ರಲ್ಲಿ ಗಟ್ಟಿಯಾಯಿತು. ಯಂತ್ರ 95 ಅನ್ನುತ್ತಿದೆ, ಮನುಷ್ಯ ಏದುಸಿರು ಬಿಡುತ್ತಿದ್ದಾನೆ ಅಂದರೆ ಮನುಷ್ಯನನ್ನು ನಂಬಿ.

ಕೂತಾಗ 95 ಇದ್ದು ಅನುಮಾನ ಉಳಿದರೆ ನಡಿಗೆ ಪರೀಕ್ಷೆ ಮಾಡಬಹುದು. ಬೆರಳಿಗೆ ಯಂತ್ರ ಹಾಕಿಕೊಂಡೇ ಕೋಣೆಯೊಳಗೆ ಆರು ನಿಮಿಷ ಮಾಮೂಲಿ ವೇಗದಲ್ಲಿ ನಡೆಯಲಿ. ವಯಸ್ಸಾದವರಿಗೆ ಮೂರು ನಿಮಿಷ ಸಾಕು, ಜೊತೆಗೆ ಯಾರಾದರೂ ಇರಲಿ. ಅಂಕಿ ಮೂರಕ್ಕಿಂತ ಜಾಸ್ತಿ ಇಳಿದರೆ ಅಥವಾ ಉಸಿರು ಕಟ್ಟಿದರೆ ನಿಲ್ಲಿಸಿ ಡಾಕ್ಟರ್ ಬಳಿ ಹೋಗಿ. ಮೊದಲೇ 94ಕ್ಕಿಂತ ಕಡಿಮೆ ಇರುವವರನ್ನು, ಉಬ್ಬಸ ಇರುವವರನ್ನು ನಡೆಸಬೇಡಿ.

ಹೆಜ್ಜೆ 4: ಒಂದು ಹಾಳೆಯಲ್ಲಿ ಬರೆದಿಡಿ

"ಮಂಗಳವಾರ ರಾತ್ರಿ 9: ಉಸಿರು 22, ಆಕ್ಸಿಜನ್ 96, ಜ್ವರ 101, ಪ್ಯಾರಾಸಿಟಮಾಲ್ ಕೊಟ್ಟಿದ್ದು 8ಕ್ಕೆ." ಇಷ್ಟು ಸಾಕು. ದಿನಕ್ಕೆ ಮೂರ್ನಾಲ್ಕು ಸಲ ಬರೆಯಿರಿ. ಮೂರು ದಿನದ ಹಾಳೆ ಡಾಕ್ಟರ್ ಮುಂದಿಟ್ಟರೆ "ನಿನ್ನೆಯಿಂದ ಒಂಥರಾ ಸುಸ್ತು ಸಾರ್" ಅನ್ನುವುದಕ್ಕಿಂತ ಹತ್ತು ಪಟ್ಟು ಉಪಯೋಗ.

ಎಷ್ಟನೇ ದಿನ ಅನ್ನುವುದೂ ಹಾಳೆಯಲ್ಲಿ ಇರಲಿ. ಕೂಸುಗಳ ಬ್ರಾಂಕಿಯೋಲೈಟಿಸ್ ಸಾಮಾನ್ಯವಾಗಿ ಮೂರರಿಂದ ಐದನೇ ದಿನ ಜೋರಾಗುತ್ತದೆ. ಕೋವಿಡ್ ಕೈಕೊಟ್ಟದ್ದು ಹೆಚ್ಚಾಗಿ ಒಂದು ವಾರ ದಾಟಿದ ಮೇಲೆ. ಆ ಹೊತ್ತಿಗೆ ವೈರಸ್‌ಗಿಂತ ನಮ್ಮದೇ ದೇಹದ ರಕ್ಷಣಾ ಪಡೆಯ ಹೊಡೆತ ಶ್ವಾಸಕೋಶಕ್ಕೆ ಜಾಸ್ತಿ ಬೀಳುತ್ತದೆ. ಫ್ಲೂ ಆಟವೇ ಬೇರೆ: ವಾಸಿಯಾಗುತ್ತ ಬಂದು, ಎರಡು ದಿನ ಬಿಟ್ಟು ಮತ್ತೆ ಚಳಿಜ್ವರ, ಹಳದಿ ಕಫ, ಎದೆಯಲ್ಲಿ ಚುಚ್ಚು. ಕೂದಲು ಉದುರಿದ ಕೊಳವೆಯಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿದ ಲಕ್ಷಣ ಅದು. 1918ರ ಮಹಾ ಫ್ಲೂನಲ್ಲಿ ಸತ್ತವರಲ್ಲಿ ಬಹುಪಾಲು ಜನರ ಜೀವ ತೆಗೆದದ್ದು ಈ ಎರಡನೇ ಏಟೇ.

ಹೆಜ್ಜೆ 5: ಮನೆಯಲ್ಲಿ ಏನು ಮಾಡಬೇಕು, ಏನು ಬೇಡ

ಗಂಜಿ, ಸಾರು, ಬಿಸಿನೀರು. ಕಷಾಯ ಕುಡಿದರೆ ಗಂಟಲಿಗೆ ಹಿತ, ತಪ್ಪೇನಿಲ್ಲ. ಅದು ವೈರಸ್ ಕೊಲ್ಲುತ್ತದೆ ಅಂದುಕೊಳ್ಳಬೇಡಿ, ಅಷ್ಟೇ. ದೊಡ್ಡವರಿಗೆ ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ 500 ಅಥವಾ 650, ಆರು ಗಂಟೆ ಅಂತರದಲ್ಲಿ. ಮಕ್ಕಳಿಗೆ ತೂಕ ನೋಡಿ ಡಾಕ್ಟರ್ ಹೇಳಿದಷ್ಟೇ, ಆಸ್ಪಿರಿನ್ ಮಾತ್ರ ಬೇಡವೇ ಬೇಡ. ಕೂಸಿನ ಮೂಗು ಕಟ್ಟಿದ್ದರೆ ಹಾಲು ಕುಡಿಸುವ ಮೊದಲು ಅಂಗಡಿಯಲ್ಲಿ ಸಿಗುವ ಸಲೈನ್ ಡ್ರಾಪ್ಸ್ ಹಾಕಿ. ಸ್ವಲ್ಪ ಸ್ವಲ್ಪವಾಗಿ, ಆಗಾಗ ಹಾಲು ಕೊಡಿ. ವರ್ಷ ದಾಟಿದ ಮಕ್ಕಳಿಗೆ ಕೆಮ್ಮಿಗೆ ಜೇನುತುಪ್ಪ ಒಳ್ಳೆಯದು, ವರ್ಷದೊಳಗಿನ ಕೂಸಿಗೆ ನೆಕ್ಕಿಸಲೂಬಾರದು.

ಅಸ್ತಮಾ ಇರುವವರು ಇನ್‌ಹೇಲರ್ ನಿಲ್ಲಿಸಬಾರದು. "ನೆಗಡಿ ಇದೆಯಲ್ಲ, ಪಂಪ್ ಬೇಡ" ಅನ್ನುವ ಮಾತು ನಮ್ಮಲ್ಲಿ ಯಾಕೋ ಇದೆ. ಅದು ತಲೆಕೆಳಗಾದ ಬುದ್ಧಿ.

ಹೊಗೆಯ ಬಗ್ಗೆ ಸ್ವಲ್ಪ ಜಗಳ ಆಡಲೇಬೇಕು. ಮಗುವಿಗೆ ಸ್ನಾನ ಮಾಡಿಸಿ ಸಾಂಬ್ರಾಣಿ ಹೊಗೆ ಹಿಡಿಯುವುದು ನಮ್ಮ ಅಜ್ಜಿಯರ ಪ್ರೀತಿಯ ಕೆಲಸ. ಆದರೆ ಆ ಹೊಗೆ ಹೋಗುವುದು ಊದಿಕೊಂಡ ಅದೇ ಸಣ್ಣ ಕೊಳವೆಗೆ. ಕೆಮ್ಮು ಇರುವಷ್ಟು ದಿನ ಸಾಂಬ್ರಾಣಿ, ಊದುಬತ್ತಿ, ಸೊಳ್ಳೆಬತ್ತಿ, ಸಿಗರೇಟು ಎಲ್ಲಕ್ಕೂ ರಜೆ ಕೊಡಿ. ನಮ್ಮ ಮನೆಯಲ್ಲಿ ಅಜ್ಜಿಯನ್ನು ಒಪ್ಪಿಸಲು ಎರಡು ದಿನ ಹಿಡಿಯಿತು.

ಹಬೆ ತೆಗೆದುಕೊಂಡರೆ ಮೂಗು ಸ್ವಲ್ಪ ಬಿಡುತ್ತದೆ. ಶ್ವಾಸಕೋಶದೊಳಗಿನ ವೈರಸ್‌ಗೆ ಅದರಿಂದ ಏನೂ ಆಗುವುದಿಲ್ಲ. ಕುದಿಯುವ ಪಾತ್ರೆ ಮಗುಚಿ ಮೈ ಸುಟ್ಟುಕೊಂಡ ಮಕ್ಕಳು ಮಾತ್ರ ಎಷ್ಟೋ. ಮಕ್ಕಳಿಗೆ ಖಂಡಿತ ಬೇಡ.

ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಆಂಟಿಬಯೋಟಿಕ್ ವೈರಸ್‌ಗೆ ನಾಟುವುದಿಲ್ಲ. ಇನ್ನೂ ಅಪಾಯ ಸ್ಟೀರಾಯ್ಡ್ ಮಾತ್ರೆ. 2020ರಲ್ಲಿ ಬ್ರಿಟನ್ನಿನ 'ರಿಕವರಿ' ಹೆಸರಿನ ಔಷಧ ಪರೀಕ್ಷೆಯಲ್ಲಿ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಜೀವ ಉಳಿಸಿದ್ದು ಆಕ್ಸಿಜನ್ ಬೇಕಾದ ಕೋವಿಡ್ ರೋಗಿಗಳನ್ನು. ಆಕ್ಸಿಜನ್ ಬೇಡದವರಿಗೆ ಅದರಿಂದ ಲಾಭ ಸಿಗಲಿಲ್ಲ. ನಮ್ಮಲ್ಲಿ ಮೊದಲ ದಿನದಿಂದಲೇ ನುಂಗಿದರು. 2021ರಲ್ಲಿ ಸಕ್ಕರೆ ಕಾಯಿಲೆಯವರನ್ನು ಕಪ್ಪು ಶಿಲೀಂಧ್ರ ಹಿಡಿದದ್ದರಲ್ಲಿ ಇದರ ಪಾಲೂ ಇತ್ತು. ಕೆಮ್ಮಿನ ಸಿರಪ್ ಕಥೆಯೂ ಹಾಗೇ. 2025ರಲ್ಲಿ ಮಧ್ಯಪ್ರದೇಶದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತ ಮೇಲೆ, ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಲೇಬೇಡಿ ಅಂತ ಕೇಂದ್ರ ಸರ್ಕಾರ ಮತ್ತೆ ಹೇಳಬೇಕಾಯಿತು.

ಒಂದು ವಿಷಯದಲ್ಲಿ ಮಾತ್ರ ಡಾಕ್ಟರ್ ಬಳಿ ಬೇಗ ಹೋದಷ್ಟೂ ಒಳ್ಳೆಯದು. ಫ್ಲೂ ಇರಬಹುದು ಅನ್ನಿಸಿ, ಮನೆಯವರು ಗರ್ಭಿಣಿಯೋ, ವಯಸ್ಸಾದವರೋ, ಸಕ್ಕರೆ ಅಥವಾ ಹೃದಯದ ತೊಂದರೆ ಇರುವವರೋ ಆಗಿದ್ದರೆ ಕಾಯಬೇಡಿ. ಫ್ಲೂ ವೈರಸ್ ತಡೆಯುವ ಒಸೆಲ್ಟಾಮಿವಿರ್ ಔಷಧಿ ಮೊದಲ 48 ಗಂಟೆಯಲ್ಲಿ ಶುರುವಾದರೆ ಹೆಚ್ಚು ಕೆಲಸ ಮಾಡುತ್ತದೆ.

ಹೆಜ್ಜೆ 6: ಆಕ್ಸಿಜನ್ ಇಳಿದಾಗ, ವಾಹನ ಬರುವವರೆಗೆ

ಬೋರಲು ಮಲಗಿಸಿ. ಶ್ವಾಸಕೋಶದ ದೊಡ್ಡ ಭಾಗ ಬೆನ್ನಿನ ಕಡೆಗಿದೆ. ಅಂಗಾತ ಮಲಗಿದರೆ ಅದು ಅದುಮಿಹೋಗುತ್ತದೆ, ಬೋರಲಾದರೆ ಬಿಚ್ಚಿಕೊಳ್ಳುತ್ತದೆ. ಕುತ್ತಿಗೆ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆಯವರೆಗೆ ಒಂದೋ ಎರಡೋ, ಮೊಣಕಾಲಿನಿಂದ ಕೆಳಗಿನ ಕಾಲಿನ ಅಡಿ ಎರಡು. ಎಚ್ಚರವಿದ್ದು ತಾವೇ ಹೊರಳಬಲ್ಲ ದೊಡ್ಡವರಿಗೆ ಮಾತ್ರ ಇದು. ಊಟವಾಗಿ ಒಂದು ಗಂಟೆ ಆಗಿರಬೇಕು. ಗರ್ಭಿಣಿಯರಿಗೆ, ಹೃದಯದ ದೊಡ್ಡ ತೊಂದರೆ ಅಥವಾ ಬೆನ್ನುಮೂಳೆ ಮುರಿತ ಇದ್ದವರಿಗೆ ಬೇಡ. ಇದು ಆಸ್ಪತ್ರೆಗೆ ಬದಲಿ ಅಲ್ಲ, ದಾರಿ ಕಾಯುವ ಹೊತ್ತಿಗೆ ಒಂದು ಆಸರೆ.

ಹೆಜ್ಜೆ 7: ಹೊರಡುವ ಹೊತ್ತು

ತುಟಿ, ನಾಲಿಗೆ ನೀಲಿಯಾದರೆ, ಮಂಕು ಕವಿದರೆ, ಕೂಸು ಹಾಲು ಬಿಟ್ಟರೆ ಅಥವಾ ಅರ್ಧ ದಿನವಾದರೂ ಉಚ್ಚೆ ಹೊಯ್ಯದಿದ್ದರೆ, ಪಕ್ಕೆ ಸೆಳೆಯುತ್ತಿದ್ದರೆ, ಉಸಿರು ನಡುನಡುವೆ ಒಂದೆರಡು ಕ್ಷಣವಲ್ಲ, ತುಂಬ ಹೊತ್ತು ನಿಲ್ಲುತ್ತಿದ್ದರೆ 108ಕ್ಕೆ ಫೋನ್ ಮಾಡಿ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಒಂದೇ ಸಾಕು, ಬೇರೆ ಲಕ್ಷಣ ಕಾಯಬೇಡಿ. ಮೊದಲೇ ಒಂದು ಕೆಲಸ ಮಾಡಿಟ್ಟುಕೊಳ್ಳಿ: ನಿಮ್ಮ ಹತ್ತಿರ ರಾತ್ರಿಯೂ ಆಕ್ಸಿಜನ್ ಸಿಗುವ ಆಸ್ಪತ್ರೆ ಯಾವುದು ಅಂತ ವಿಚಾರಿಸಿ. ನಡುರಾತ್ರಿ ಎರಡು ಕಡೆ ಬಾಗಿಲು ತಟ್ಟಿ ಮೂರನೆಯದಕ್ಕೆ ಓಡಿದವರಿಗೆ ಇದರ ಬೆಲೆ ಗೊತ್ತು.

ಹೆಜ್ಜೆ 8: ವಾಸಿಯಾದ ಮೇಲಿನ ಕೆಮ್ಮು

ವೈರಸ್ ಹೋದರೂ ಕೂದಲುಗಳು ಮತ್ತೆ ಬೆಳೆಯಲು ವಾರಗಳೇ ಬೇಕು. ಅಲ್ಲಿಯ ತನಕ ತಣ್ಣನೆ ಗಾಳಿ, ಒಗ್ಗರಣೆ ಘಾಟು, ಜೋರು ನಗು, ಯಾವುದಕ್ಕಾದರೂ ಕೆಮ್ಮು ಬರುತ್ತದೆ. ಮೂರರಿಂದ ಎಂಟು ವಾರ ಇದು ಇರಬಹುದು. ನ್ಯುಮೋನಿಯಾ ಆಗಿದ್ದವರು ಮೊದಲು ಮನೆಯೊಳಗೆ, ಆಮೇಲೆ ಗೇಟಿನ ತನಕ, ಆಮೇಲೆ ರಸ್ತೆ ತಿರುವಿನ ತನಕ ನಡೆಯುತ್ತ ಹೋಗಲಿ. ನಡೆಯುವಾಗ ಮಾತಾಡಲು ಆಗುತ್ತಿದ್ದರೆ ಅಷ್ಟು ದೂರ ಸರಿ. ಮಾತು ತುಂಡಾದರೆ ನಾಳೆ ಸ್ವಲ್ಪ ಕಡಿಮೆ ನಡೆಯಲಿ.

ಆದರೆ ಇದು ನಮ್ಮ ದೇಶ, ಇಲ್ಲಿ ಕ್ಷಯ ಇದೆ. ಕೆಮ್ಮು ಎರಡು ವಾರ ದಾಟಿದರೆ 'ವೈರಲ್ ಆದ ಮೇಲಿನದು' ಅಂತ ನೀವೇ ತೀರ್ಮಾನ ಮಾಡಬೇಡಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಪುಕ್ಕಟೆ. ಬೆಳಿಗ್ಗೆ ಎದ್ದ ಕೂಡಲೇ ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಕೊಡಿ, ಬರೀ ಎಂಜಲು ಕೊಟ್ಟರೆ ಪರೀಕ್ಷೆ ಆಗುವುದಿಲ್ಲ.